ಮನೆಯಂಗಳದಲ್ಲಿ ಟೈಮಿಂಗ್ ಬೆಲ್ಟು

ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯ ಬಂಧುಗಳು ಕೇಳುವ ಪ್ರಶ್ನೆಗಳು ಬಹಳ ಕಾಲದಿಂದ ಮೂರೇ. ಅಡಿಕೆಯ ಇಂದಿನ ಧಾರಣೆ ಎಷ್ಟು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಬಂದಿದೆಯೇ, ಸಾಲದ ಕಂತಿಗೆ ಇನ್ನೊಂದು ತಿಂಗಳ ಅವಕಾಶ ಉಂಟೇ. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ: "ನನ್ನ ಗಾಡಿಯದು ಬೆಲ್ಟೋ, ಚೈನೋ?" ಮಂಗಳೂರಿನ ದೇರೆಬೈಲಿನಲ್ಲಿ ನಡೆದ ಒಂದು ರಿಪೇರಿಯ ಸುದ್ದಿ ಬಾಯಿಂದ ಬಾಯಿಗೆ ಹರಡಿದ್ದೇ ಇದಕ್ಕೆ ಕಾರಣ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಪತ್ರಿಕೆಯಲ್ಲಿ ಒಮ್ಮೆ ಬರೆದುಬಿಡುವುದು ಲೇಸೆಂದು ತೋರಿತು. ನಾನು ಓದಿದ್ದು ವಿಜ್ಞಾನ ಪದವಿಯಾದರೂ ಮೆಕ್ಯಾನಿಕ್ ಅಲ್ಲ. ತೋಟದ ಪಂಪು, ಪಲ್ಪರು, ಸ್ಪ್ರೇಯರುಗಳ ಸಹವಾಸದಲ್ಲಿ ಮೂವತ್ತು ವರ್ಷ ಕಳೆದವನು. ವಾಚಕರಲ್ಲಿ ಹೆಚ್ಚಿನವರೂ ಹಾಗೆಯೇ ಆದ್ದರಿಂದ ಈ ವಿಷಯ ನಮಗೆ ತೀರಾ ಹೊರಗಿನದೇನಲ್ಲ.

ಪಲ್ಪರಿಗೆ ನಾವು ಹಾಕುವ ವಿ-ಬೆಲ್ಟನ್ನು ನೆನಪಿಗೆ ತಂದುಕೊಳ್ಳಿ. ಹಣ್ಣು ಹೆಚ್ಚು ಬಿದ್ದು ಯಂತ್ರ ಕಟ್ಟಿಕೊಂಡರೆ ಆ ಬೆಲ್ಟು ಜಾರುತ್ತದೆ, ಕಿರುಚುತ್ತದೆ, ಸುಟ್ಟ ವಾಸನೆ ಬರುತ್ತದೆ. ಜಾರಿದರೆ ನಷ್ಟವೇನೂ ಇಲ್ಲ. ಪಲ್ಪರು ಒಂದು ಸುತ್ತು ಹಿಂದೆ ಬಿತ್ತು, ಅಷ್ಟೆ. ಕಾರಿನ ಎಂಜಿನಿನೊಳಗಿನ ಟೈಮಿಂಗ್ ಬೆಲ್ಟಿನ ಕೆಲಸ ಇದಕ್ಕೆ ತದ್ವಿರುದ್ಧ. ಅದು ಒಂದು ಹಲ್ಲಿನಷ್ಟೂ ಜಾರಬಾರದು. ಆದ್ದರಿಂದಲೇ ಅದರ ಒಳಮೈಗೆ ಹಲ್ಲುಗಳಿವೆ.

ನಾಲ್ಕು ಸ್ಟ್ರೋಕಿನ ಎಂಜಿನಿನಲ್ಲಿ ಪಿಸ್ಟನ್ ಎರಡು ಸಲ ಕೆಳಗಿಳಿದು ಎರಡು ಸಲ ಮೇಲೇರಿದರೆ ಒಂದು ಆವೃತ್ತಿ ಮುಗಿಯುತ್ತದೆ: ಹೀರುವುದು, ಒತ್ತುವುದು, ಉರಿಯುವುದು, ಹೊಗೆ ಹೊರದೂಡುವುದು. ಅಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿರುತ್ತದೆ. ವಾಲ್ವುಗಳು ಮಾತ್ರ ಒಂದೊಂದು ಸಲ ತೆರೆದು ಮುಚ್ಚಿದರೆ ಸಾಕು. ಆದ್ದರಿಂದ ವಾಲ್ವುಗಳನ್ನು ಒತ್ತುವ ಕ್ಯಾಮ್ ದಂಡವು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಬೇಕು. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲಿದ್ದರೆ ಕ್ಯಾಮಿನ ಚಕ್ರಕ್ಕೆ 40. ಈ ಲೆಕ್ಕದಲ್ಲಿ ಬೆಲ್ಟು ಒಂದೇ ಒಂದು ಹಲ್ಲು ತಪ್ಪಿ ಕುಳಿತರೂ ಕ್ರ್ಯಾಂಕಿನ ಪ್ರಕಾರ 18 ಡಿಗ್ರಿ ವ್ಯತ್ಯಾಸವಾಯಿತು. ಗಾಡಿ ಓಡೀತು, ಆದರೆ ಎಳೆತವಿಲ್ಲ, ಪೆಟ್ರೋಲು ಕುಡಿಯುತ್ತದೆ, ಐಡಲಿನಲ್ಲಿ ನಡುಗುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲಕ್ಕೆ ಬರುತ್ತದೆ, ಪ್ರತಿ ವಾಲ್ವು 25 ಸಲ ತೆರೆದು ಮುಚ್ಚುತ್ತದೆ. ಇವೆರಡೂ ಒಂದಕ್ಕೊಂದು ತಾಗದೆ ದಾರಿ ಬಿಟ್ಟುಕೊಡುವಂತೆ ನೋಡಿಕೊಳ್ಳುವುದು ಒಂದು ರಬ್ಬರಿನ ಪಟ್ಟಿ ಎಂದರೆ ನಂಬುವುದು ಕಷ್ಟ. ಆದರೂ ವಿಷಯ ಹಾಗೆಯೇ ಇದೆ.

ಹಲ್ಲಿನ ಬೆಲ್ಟು ಮೂಲತಃ ಮೋಟಾರಿನದಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆಂದು ಅದು ಹುಟ್ಟಿತು. ಸೂಜಿಯೂ ಕೆಳಗಿನ ದಾರದ ಕೊಕ್ಕೆಯೂ ಸಮಯ ತಪ್ಪದೆ ಕೂಡಬೇಕಾದ ಕಡೆ ಜಾರುವ ಬೆಲ್ಟು ಪ್ರಯೋಜನವಿಲ್ಲವಷ್ಟೆ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪೆನಿ ಇದನ್ನು ಕಾರಿನ ಕ್ಯಾಮಿಗೆ ಹಾಕಿತು. ಸದ್ದು ಕಡಿಮೆ, ಎಣ್ಣೆ ಬೇಡ, ಬೆಲೆ ಅಗ್ಗ. ನಂತರ ಎಲ್ಲರೂ ಹಿಂಬಾಲಿಸಿದರು.

ನಮ್ಮಲ್ಲಿ ಮಾತ್ರ ಇದು ತಡವಾಗಿ ಬಂತು. ಹಳೆಯ ತೋಟದ ಮನೆಗಳ ವಿಲ್ಲಿಸ್ ಜೀಪಿಗೆ ಹಲ್ಲಿನ ಗೇರುಗಳು. 1500 ಸಿ.ಸಿ.ಯ ಅಂಬಾಸಡರಿಗೂ ಪ್ರೀಮಿಯರ್ ಪದ್ಮಿನಿಗೂ ಸರಪಳಿ. ಸರಪಳಿಯಲ್ಲಿ ಒಂದು ದೊಡ್ಡ ಗುಣವಿತ್ತು, ಸವೆದರೆ ಅದು ಸದ್ದು ಮಾಡುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನಿನ ಮುಂಭಾಗದಿಂದ ಚಿಲ್ಲರೆ ಹಣ ಅಲುಗಿಸಿದಂತೆ ಕೇಳಿದರೆ ಮುಂದಿನ ಪೇಟೆ ಪ್ರಯಾಣದಲ್ಲಿ ಮೆಕ್ಯಾನಿಕನಿಗೆ ತೋರಿಸಿದರಾಯಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ರಸ್ತೆಗಿಳಿದ ಮೇಲೆ ಸಾಮಾನ್ಯ ಕುಟುಂಬಕ್ಕೆ ಬೆಲ್ಟಿನ ಎಂಜಿನು ಬಂತು. ಮರುವರ್ಷ ವ್ಯಾನು, 1985ರಲ್ಲಿ ಜಿಪ್ಸಿ. ವ್ಯಾನಿಗೆ ಓಮ್ನಿ ಎಂಬ ಹೆಸರು ಆಮೇಲೆ ಬಂದದ್ದು. ಬೆಲ್ಟು ಸಾಯುವಾಗ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ನಿನ್ನೆಯವರೆಗೂ ಚೆನ್ನಾಗಿ ಓಡಿದ ಗಾಡಿ ಇಂದು ದಾರಿಯ ಮಧ್ಯೆ ತಟಕ್ಕನೆ ನಿಲ್ಲುತ್ತದೆ.

ಮಾರುತಿ 800ರ ತಯಾರಿಕೆಯೂ ಅಂಬಾಸಡರಿನ ತಯಾರಿಕೆಯೂ ಒಂದೇ ವರ್ಷ, 2014ರಲ್ಲಿ ನಿಂತದ್ದು ಒಂದು ವಿಚಿತ್ರ. ಓಮ್ನಿ 2019ರಲ್ಲಿ ನಿಂತಿತು. ಆದರೆ ನಮ್ಮ ಕಡೆಯ ತೋಟಗಳಲ್ಲಿ ಇವು ಇನ್ನೂ ನಿವೃತ್ತಿ ಹೊಂದಿಲ್ಲ. ಹದಿನೈದು ವರ್ಷ ದಾಟಿ ಆರ್.ಸಿ. ನವೀಕರಿಸಿಕೊಂಡು ಗೊಬ್ಬರದ ಚೀಲ, ಬಾಳೆಗೊನೆ, ಅಡಿಕೆ ಮೂಟೆ, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಹೊರುತ್ತಿವೆ. ಇವುಗಳ ಬೆಲ್ಟನ್ನು ಯಾರು, ಯಾವಾಗ, ಎಷ್ಟು ಕಿಲೋಮೀಟರಿಗೆ ಬದಲಿಸಿದರು ಎಂಬ ದಾಖಲೆ ಬಹುತೇಕ ಯಾರ ಮನೆಯಲ್ಲೂ ಇಲ್ಲ. ತೋಟದ ಲೆಕ್ಕದ ಪುಸ್ತಕ ನಾಲ್ಕು ತಲೆಮಾರಿನಿಂದ ಇಟ್ಟವರ ಮನೆಯಲ್ಲೂ ಇಲ್ಲ.

ದೇರೆಬೈಲಿನಲ್ಲಿ ನಡೆದದ್ದು

ನಮ್ಮ ಸಂಘದ ಬೆಳ್ತಂಗಡಿ ಕಡೆಯ ಸದಸ್ಯರೊಬ್ಬರು ಪಲ್ಪರಿನ ಒಂದು ಭಾಗವನ್ನು ದುರಸ್ತಿಗೆಂದು ಬೈಕಂಪಾಡಿಗೆ ಒಯ್ಯುತ್ತಿದ್ದರು. ಸಂಘದ ಕೆಲಸವಿದ್ದುದರಿಂದ ನಾನೂ ಅವರ ಕಾರಿನಲ್ಲಿ ಕುಳಿತೆ. 1997ರ ಕಾರ್ಬ್ಯುರೇಟರ್ ಇರುವ 800. ಕೊಂಡದ್ದು ಸೆಕೆಂಡ್ ಹ್ಯಾಂಡ್. ನಂತೂರು ದಾಟಿ, ಕುಂಟಿಕಾನ ದಾಟಿ, ಕೊಟ್ಟಾರ ಚೌಕಿಯ ಕಡೆಗೆ ಹೋಗುವಾಗ ಎಂಜಿನು ನಿಂತಿತು. ಕೆಮ್ಮಲಿಲ್ಲ, ಎಳೆದಾಡಲಿಲ್ಲ, ದೀಪ ಆರಿದಂತೆ ನಿಂತಿತು. ಬದಿಗೆ ಸರಿಸಿ ಅವರು ಸೆಲ್ಫ್ ಹೊಡೆದರು. ಎಂಜಿನು ಎಂದಿಗಿಂತ ವೇಗವಾಗಿ, ಹಗುರವಾಗಿ, ಒಂದೇ ಸಮನೆ ಸುಯ್ಯೆಂದು ತಿರುಗಿತು. ಮಾಮೂಲಿನಂತೆ ಬಿಟ್ಟು ಬಿಟ್ಟು ಒತ್ತಿ ಏಳುವ ಆ ಲಯ ಇರಲಿಲ್ಲ. ಈ ಸದ್ದನ್ನು ವಾಚಕರು ನೆನಪಿನಲ್ಲಿಡಬೇಕು. ಒತ್ತಡ ಹಿಡಿಯದ ಎಂಜಿನಿನ ಸದ್ದು ಅದು.

ನಮ್ಮ ಅಕ್ಕನ ಮನೆ ಅಲ್ಲಿಗೆ ಹತ್ತಿರ, ದೇರೆಬೈಲಿನಲ್ಲಿ. (ಬೈಲು ಎಂದರೆ ಗದ್ದೆಯ ತಗ್ಗು. ಈಗ ಅಲ್ಲಿ ಗದ್ದೆ ಕಾಣಬೇಕಾದರೆ ಹಳಬರನ್ನು ಕೇಳಬೇಕು.) ಅಕ್ಕನ ಮಗ ಕದ್ರಿ ಗುಡ್ಡೆಯ ಕರ್ನಾಟಕ ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಓದಿದವನು. ಫೋನಿನಲ್ಲಿ ಸದ್ದಿನ ವಿವರ ಹೇಳಿದ್ದೇ ತಡ, "ಮಾವ, ಇನ್ನು ಸೆಲ್ಫ್ ಮುಟ್ಟಬೇಡಿ ಅಂತ ಅವರಿಗೆ ಹೇಳಿ. ತಳ್ಳಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡಲಿಕ್ಕೂ ಹೋಗಬೇಡಿ. ನ್ಯೂಟ್ರಲ್‌ನಲ್ಲಿಟ್ಟು ಎಳೆದು ತನ್ನಿ" ಎಂದ. ಒಂದು ಗೂಡ್ಸ್ ಟೆಂಪೋಕ್ಕೆ ಹಗ್ಗ ಕಟ್ಟಿ ತಂದೆವು.

ಅಂಗಳದಲ್ಲಿ ಅವನು ಮೊದಲು ಮಾಡಿದ ಪರೀಕ್ಷೆ ಎರಡು ನಿಮಿಷದ್ದು. ಆ ಕಾಲದ 800ರಲ್ಲಿ ಡಿಸ್ಟ್ರಿಬ್ಯೂಟರು ಕ್ಯಾಮಿನಿಂದಲೇ ತಿರುಗುತ್ತದೆ. ಅದರ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನಕ್ಕೆ ಸ್ವಲ್ಪವೇ ತಿರುಗಿಸಿ ನೋಡಿದ. ಒಳಗಿನ ರೋಟರು ಅಲುಗಲಿಲ್ಲ. ಕ್ರ್ಯಾಂಕ್ ತಿರುಗುತ್ತದೆ, ಕ್ಯಾಮ್ ತಿರುಗುವುದಿಲ್ಲ ಎಂದರೆ ಮಧ್ಯದ ಬೆಲ್ಟು ಹೋಗಿದೆ ಎಂದರ್ಥ. ಡಿಸ್ಟ್ರಿಬ್ಯೂಟರಿಲ್ಲದ ಗಾಡಿಯಲ್ಲಿ ಎಣ್ಣೆ ಹಾಕುವ ಮುಚ್ಚಳ ತೆಗೆದು, ಒಳಗೆ ರಾಕರುಗಳು ಅಲುಗುತ್ತವೆಯೇ ಎಂದು ಟಾರ್ಚಿನ ಬೆಳಕಿನಲ್ಲಿ ನೋಡಬಹುದು.

ಅಷ್ಟರಲ್ಲಿ ಸದಸ್ಯರು ಒಂದು ಗ್ಯಾರೇಜಿಗೆ ಫೋನು ಮಾಡಿದ್ದರು. ಹೆಸರು ಇಲ್ಲಿ ಬೇಡ. ಗಾಡಿಯನ್ನು ನೋಡದೆಯೇ ಅಲ್ಲಿಂದ ಬಂದ ಉತ್ತರ: "ಬೆಲ್ಟು ಕಡಿದಿದ್ದರೆ ವಾಲ್ವು ಬಾಗಿಯೇ ಇರುತ್ತದೆ, ಹೆಡ್ ಇಳಿಸಬೇಕು." ಹೇಳಿದ ಮೊತ್ತ ಆ ದಿನದ ಧಾರಣೆಯಲ್ಲಿ ಸುಮಾರು ಅರ್ಧ ಕ್ವಿಂಟಾಲ್ ಚಾಲಿ ಅಡಿಕೆಯ ಬೆಲೆ, ಸಮಯ ಹತ್ತು ದಿನ. ಅಷ್ಟು ಖರ್ಚು ಮಾಡುವುದಕ್ಕಿಂತ ಗುಜರಿಗೆ ಕೊಡುವುದೇ ಮೇಲಲ್ಲವೇ ಎಂದು ಅವರು ನನ್ನನ್ನು ಕೇಳಿದರು. ಪ್ರಶ್ನೆ ಹಣದ್ದು ಮಾತ್ರ ಆಗಿರಲಿಲ್ಲ. ಅವರ ತಾಯಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವುದು ಈ ಕಾರಿನಲ್ಲೇ. ಮುಂದಿನ ಸರದಿ ನಾಳಿದ್ದು ಬೆಳಿಗ್ಗೆ.

ವಾಲ್ವು ಬಾಗುತ್ತದೆಯೇ ಇಲ್ಲವೇ ಎಂಬುದು ಎಂಜಿನಿನ ರಚನೆಯನ್ನು ಅವಲಂಬಿಸಿದೆ. ಕೆಲವು ಎಂಜಿನುಗಳಲ್ಲಿ ಪೂರ್ತಿ ತೆರೆದ ವಾಲ್ವಿಗೂ ಪೂರ್ತಿ ಮೇಲೇರಿದ ಪಿಸ್ಟನ್ನಿಗೂ ನಡುವೆ ಜಾಗ ಉಳಿಯುತ್ತದೆ. ಅಂಥದರಲ್ಲಿ ಬೆಲ್ಟು ಕಡಿದರೂ ಎಂಜಿನು ನಿಲ್ಲುವುದಷ್ಟೆ. ಇನ್ನು ಕೆಲವದರಲ್ಲಿ ಆ ಜಾಗ ಇರುವುದಿಲ್ಲ. ಬೆಲ್ಟು ಕಡಿದ ಕ್ಷಣ ಕ್ಯಾಮು ನಿಲ್ಲುತ್ತದೆ, ಅರ್ಧ ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ. ಡೀಸೆಲ್ ಎಂಜಿನಿನಲ್ಲಿ ಒತ್ತಡ ಹೆಚ್ಚು ಬೇಕಾದ್ದರಿಂದ ಪಿಸ್ಟನ್ನಿನ ಮೇಲೆ ಜಾಗವೇ ಬಿಟ್ಟಿರುವುದಿಲ್ಲ. ಆದ್ದರಿಂದ ಡೀಸೆಲ್ಲಿನಲ್ಲಿ ಬೆಲ್ಟು ಕಡಿದರೆ ಹೆಡ್ ಕೆಲಸ ತಪ್ಪಿದ್ದಲ್ಲ ಎಂದೇ ತಿಳಿಯಬೇಕು. ಪೆಟ್ರೋಲ್ ಗಾಡಿಯಲ್ಲಿ ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಹೆಡ್ ಇಳಿಸುವ ಮೊದಲು ಹೊಸ ಬೆಲ್ಟು ಹಾಕಿ ಒತ್ತಡ ಅಳೆದು ನೋಡಬಹುದು. ಬೆಲ್ಟು ಹೇಗೂ ಬೇಕಾಗುತ್ತದೆ, ಆ ಖರ್ಚು ವ್ಯರ್ಥವಾಗುವುದಿಲ್ಲ. ನಮ್ಮ ಅಳಿಯ ಹೇಳಿದ್ದು ಇದನ್ನೇ. ಸದಸ್ಯರು ಒಪ್ಪಿದರು.

ಬಿಚ್ಚುವುದು

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಯಾರೋ ಕೀಲಿ ತಿರುಗಿಸಿದರೆ ಬೆರಳು ಹೋಗುತ್ತದೆ. ಬೆಲ್ಟಿನ ಬದಿಯ ಮುಂದಿನ ಚಕ್ರ ಎತ್ತಬೇಕಾದರೆ ಜಾಕಿಯ ಮೇಲೆ ಮಾತ್ರ ನಂಬಿಕೆ ಇಡಬಾರದು. ನಮ್ಮ ಕರಾವಳಿಯವರಿಗೆ ಒಂದು ಎಚ್ಚರಿಕೆ ವಿಶೇಷವಾಗಿ ಹೇಳಬೇಕು: ಅಂಗಳದಲ್ಲಿ ಸುಲಭವಾಗಿ ಸಿಗುತ್ತದೆಂದು ಮುರಕಲ್ಲನ್ನು ಕಾರಿನಡಿಗೆ ಕೊಡಬೇಡಿ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಕಲ್ಲು, ಕಬ್ಬಿಣದ ಚೂಪು ಅಂಚಿನ ಭಾರ ಒಂದೇ ಕಡೆ ಬಿದ್ದರೆ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಹಲಸಿನದೋ ಮರುವದೋ ದಪ್ಪ ದಿಮ್ಮಿ ಅಡ್ಡಡ್ಡ ಪೇರಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ತಡೆ ಕೊಟ್ಟು, ಕಾರನ್ನು ಒಮ್ಮೆ ಅಲುಗಿಸಿ ನೋಡಿ ಕೆಳಗೆ ಕೈ ಹಾಕಬೇಕು.

ಹೊರಗಿನ ಫ್ಯಾನ್ ಬೆಲ್ಟು, ವಾಟರ್ ಪಂಪಿನ ಪುಲ್ಲಿ, ಕ್ರ್ಯಾಂಕಿನ ಪುಲ್ಲಿ ಇವಿಷ್ಟು ತೆಗೆದ ಮೇಲೆ ಟೈಮಿಂಗ್ ಕವರು ಬಿಚ್ಚಲು ಬರುತ್ತದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಹಟ ಮಾಡಿದರೆ, ಚಕ್ರ ನೆಲದ ಮೇಲಿರುವಾಗಲೇ ಟಾಪ್ ಗೇರಿಗೆ ಹಾಕಿ ಒಬ್ಬರು ಬ್ರೇಕ್ ತುಳಿದು ಹಿಡಿದರೆ ಎಂಜಿನು ತಿರುಗದೆ ನಿಲ್ಲುತ್ತದೆ. ಕೆಲವರು ಸ್ಪ್ಯಾನರು ಸಿಕ್ಕಿಸಿ ಸೆಲ್ಫ್ ಹೊಡೆದು ಸಡಿಲಿಸುತ್ತಾರೆ. ಅದು ಜಾಣತನವಲ್ಲ, ಕೈ ಮುರಿಯುವ ದಾರಿ. ಬಿಚ್ಚಿದ ಬೋಲ್ಟುಗಳನ್ನು ತೆಂಗಿನ ಚಿಪ್ಪುಗಳಲ್ಲಿ ಬೇರೆ ಬೇರೆಯಾಗಿ ಹಾಕಿ ಸಾಲಾಗಿ ಇಡುವುದು ನಮ್ಮ ಅಳಿಯನ ಪದ್ಧತಿ. ಉದ್ದ ಬೇರೆಯಾದ ಬೋಲ್ಟು ತಪ್ಪು ತೂತಿಗೆ ಹೋಗುವುದಿಲ್ಲ.

ಕವರು ತೆಗೆದಾಗ ಕಾರಣ ಕಣ್ಣೆದುರಿಗೇ ಇತ್ತು. ಬೆಲ್ಟು ಹರಿದು ಎರಡು ಮಡಿಕೆಯಾಗಿ ಕೆಳಗೆ ಬಿದ್ದಿತ್ತು. ಅದರ ಬೆನ್ನು ಗಾಜಿನಂತೆ ಹೊಳೆಯುತ್ತಿತ್ತು. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಶನರಿನ ಗಾಲಿಯನ್ನು ಬೆರಳಿನಿಂದ ತಿರುಗಿಸಲು ಹೋದರೆ ಅದು ಅಲುಗಲಿಲ್ಲ, ಬೇರಿಂಗು ಕಚ್ಚಿಕೊಂಡಿತ್ತು. ತಿರುಗದ ಗಾಲಿಯ ಮೇಲೆ ಬೆಲ್ಟು ಉಜ್ಜಿ ಉಜ್ಜಿ ಕಾದು ಹರಿದದ್ದು. ಬೆಲ್ಟಿನ ಮೇಲಿನ ಅಕ್ಷರಗಳು ಇನ್ನೂ ಓದಲು ಬರುವಷ್ಟು ಹೊಸದಾಗಿದ್ದವು. ಅಂದರೆ ಹಿಂದಿನ ಮಾಲೀಕರ ಕಾಲದಲ್ಲಿ ಯಾವುದೋ ಗ್ಯಾರೇಜಿನಲ್ಲಿ ಬೆಲ್ಟನ್ನು ಮಾತ್ರ ಬದಲಿಸಿ, ಹಳೆಯ ಟೆನ್ಶನರನ್ನೇ ಬಿಟ್ಟಿದ್ದರು. ಬಾವಿಗೆ ಹೊಸ ಹಗ್ಗ ತಂದು, ತುಕ್ಕು ಹಿಡಿದ ರಾಟೆಯಲ್ಲೇ ಎಳೆದಂತೆ. ಬೆಲ್ಟು ಬದಲಿಸುವಾಗ ಟೆನ್ಶನರನ್ನೂ ಬದಲಿಸಬೇಕು ಎಂಬುದು ಈ ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಜೊತೆಗೆ ಕ್ರ್ಯಾಂಕ್ ಮತ್ತು ಕ್ಯಾಮಿನ ಎಣ್ಣೆ ಸೀಲುಗಳಲ್ಲಿ ತೇವವಿದೆಯೇ ನೋಡಬೇಕು. ಎಣ್ಣೆ ತಾಗಿದ ರಬ್ಬರು ಉಬ್ಬಿ ಹಲ್ಲು ಬಿಡುತ್ತದೆ. ವಾಟರ್ ಪಂಪು ಸೋರುತ್ತಿದ್ದರೆ ಆ ಕೆಲಸವೂ ಅಂದೇ ಮುಗಿಯಲಿ.

ಹರಿದ ಬೆಲ್ಟನ್ನು ಎಸೆಯಬೇಡಿ, ಅಂಗಡಿಗೆ ಒಯ್ಯಿರಿ. ಹಲ್ಲು ಎಣಿಸಿ, ಅಗಲ ಅಳೆದು, ಹಲ್ಲಿನ ಆಕಾರ ಹೋಲಿಸಿ ಕೊಳ್ಳಬೇಕು. ನಕಲಿ ಮಾಲು ಗೊಬ್ಬರದಲ್ಲಿ ಇರುವಂತೆ ಬಿಡಿಭಾಗದಲ್ಲೂ ಇದೆ. ಆದ್ದರಿಂದ ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿರಿ. ಹೊಸ ಬೆಲ್ಟನ್ನು ಮಡಚಬಾರದು, ಒಳಮೈ ಹೊರಗೆ ಮಾಡಿ ತಿರುಚಬಾರದು. ಒಳಗಿನ ನೂಲು ಮುರಿದರೆ ಹೊರಗೆ ಕಾಣುವುದಿಲ್ಲ.

ಕೂರಿಸುವುದು

ಇಲ್ಲಿ ಅವಸರ ಮಾಡಬಾರದು. ಚಕ್ರಗಳ ಮೇಲೆ ಗುರುತುಗಳಿವೆ. ಸುಜುಕಿ ಎಂಜಿನಿನಲ್ಲಿ ಕ್ಯಾಮ್ ಚಕ್ರದ ಗುರುತು ಹಿಂಬದಿಯ ಕಚ್ಚಿನ ಎದುರಿಗೂ, ಕ್ರ್ಯಾಂಕ್ ಚಕ್ರದ ಚುಕ್ಕೆ ಎಣ್ಣೆ ಪಂಪಿನ ಮೇಲಿನ ಬಾಣದ ಎದುರಿಗೂ ಬರಬೇಕು. ಹಳೆಯ ಎಂಜಿನಿನಲ್ಲಿ ಇವು ಜಿಡ್ಡಿನಡಿ ಅಡಗಿರುತ್ತವೆ. ಸೀಮೆಎಣ್ಣೆಯಲ್ಲಿ ಒರೆಸಿ ಬಿಳಿ ಪೈಂಟಿನ ಚುಕ್ಕೆ ಇಡುವುದು ಒಳ್ಳೆಯದು. ಅಕ್ಕನ ಮನೆಯಲ್ಲಿ ಉಗುರಿಗೆ ಹಚ್ಚುವ ಬಣ್ಣವೇ ಈ ಕೆಲಸಕ್ಕೆ ಒದಗಿತು.

ಬೆಲ್ಟಿಲ್ಲದಾಗ ಕ್ಯಾಮನ್ನು ಸುಮ್ಮನೆ ತಿರುಗಿಸಿದರೆ, ಮೇಲೇರಿ ನಿಂತ ಪಿಸ್ಟನ್ನಿಗೆ ವಾಲ್ವು ತಾಗುವ ಸಂಭವವಿದೆ. ರಸ್ತೆಯಲ್ಲಿ ಉಳಿದ ವಾಲ್ವು ಅಂಗಳದಲ್ಲಿ ಬಾಗಿದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಆದ್ದರಿಂದ ಮೊದಲು ಯಾವ ಪಿಸ್ಟನ್ನೂ ತುದಿಯಲ್ಲಿರದಂತೆ ಮಾಡಬೇಕು. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಗುರುತಿನಿಂದ ಕಾಲು ಸುತ್ತು, ಅಂದರೆ 90 ಡಿಗ್ರಿ ಹಿಂದಕ್ಕೆ ತಿರುಗಿಸಿದರೆ ನಾಲ್ಕೂ ನಡುಮಟ್ಟದಲ್ಲಿ ನಿಲ್ಲುತ್ತವೆ. 800ರದು ಮೂರು ಸಿಲಿಂಡರು, ಪಿಸ್ಟನ್ನುಗಳ ಅಂತರ 120 ಡಿಗ್ರಿ. ಅಲ್ಲಿ 60 ಡಿಗ್ರಿ ಹಿಂದಕ್ಕೆ ಸರಿಸಿದರೆ ಒಂದು ತೀರಾ ಕೆಳಗೂ ಉಳಿದೆರಡು ತುದಿಯಿಂದ ಕೆಳಗಿಳಿದೂ ಇರುತ್ತವೆ. ಹೀಗೆ ಮಾಡಿ ಕ್ಯಾಮನ್ನು ಅದರ ಗುರುತಿಗೆ ತಂದು, ಆಮೇಲೆ ಕ್ರ್ಯಾಂಕನ್ನು ಅದೇ 60 ಡಿಗ್ರಿ ಮುಂದಕ್ಕೆ ತಿರುಗಿಸಿ ಅದರ ಗುರುತಿಗೆ ತರಬೇಕು. ಇದು ಪುಸ್ತಕದಲ್ಲಿ ಓದಿದರೆ ಗೊಂದಲ, ಎದುರಿಗೆ ಎಂಜಿನಿದ್ದರೆ ಸುಲಭ. ಮೂರು ಬೆರಳಿನ ಮೇಲೆ ಲೆಕ್ಕ ಹಾಕಿದರೂ ತಿಳಿಯುತ್ತದೆ.

ಮೇಲಿನ ರಾಕರ್ ಕವರು ತೆಗೆದು ವಾಲ್ವಿನ ಅಡ್ಜಸ್ಟಿಂಗ್ ಸ್ಕ್ರೂಗಳನ್ನು ಸಡಿಲಿಸಿದರೆ ಕ್ಯಾಮು ಸ್ಪ್ರಿಂಗಿನ ಒತ್ತಡಕ್ಕೆ ಜಿಗಿಯದೆ ಹಗುರವಾಗಿ ತಿರುಗುತ್ತದೆ. ಬೆಲ್ಟಿನ ಬಿಗಿತ ಸರಿಯಾಗಿ ಹಂಚುವುದಕ್ಕೂ ಇದು ಬೇಕು. ನಂತರ ಬೆಲ್ಟಿನ ಮೇಲಿನ ಬಾಣ ಎಂಜಿನು ತಿರುಗುವ ದಿಕ್ಕಿಗೆ ಇರುವಂತೆ, ಟೆನ್ಶನರಿಲ್ಲದ ಬದಿಯಲ್ಲಿ ಸ್ವಲ್ಪವೂ ಸಡಿಲವಿರದಂತೆ ಹಾಕಬೇಕು. ಸಡಿಲವೆಲ್ಲ ಟೆನ್ಶನರಿನ ಬದಿಗೇ ಬರಬೇಕು. ಟೆನ್ಶನರಿನ ಬೋಲ್ಟನ್ನು ಈಗಲೇ ಬಿಗಿ ಮಾಡಬಾರದು. ಅದರ ಸ್ಪ್ರಿಂಗು ಬೆಲ್ಟನ್ನು ಒತ್ತಿ ಹಿಡಿದಿರುವಾಗ, ಬೆಲ್ಟಿನ ಬದಿಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎರಡು ಸುತ್ತು ಏಕೆಂದು ಮೇಲೆಯೇ ಹೇಳಿದೆ. ಆಗ ಮಾತ್ರ ಕ್ಯಾಮು ಒಂದು ಸುತ್ತು ಮುಗಿಸಿ ಮನೆಗೆ ಬರುತ್ತದೆ. ಎರಡೂ ಗುರುತುಗಳು ಮತ್ತೆ ಎದುರುಬದುರು ನಿಂತರೆ ಟೆನ್ಶನರನ್ನು ಬಿಗಿ ಮಾಡಿ. ಅರ್ಧ ಹಲ್ಲಿನಷ್ಟು ಸರಿದಂತೆ ಕಂಡರೂ "ಅಡ್ಡಿಯಿಲ್ಲ" ಎನ್ನಬೇಡಿ, ತೆಗೆದು ಮತ್ತೊಮ್ಮೆ ಹಾಕಿ. ನಮಗೆ ಮೂರನೆಯ ಸಲಕ್ಕೆ ಸರಿಯಾಗಿ ಕುಳಿತಿತು. ತಿರುಗಿಸುವಾಗ ಎಲ್ಲಾದರೂ ಲೋಹ ತಾಗಿದಂತೆ ಗಟ್ಟಿಯಾಗಿ ನಿಂತರೆ ಬಲ ಹಾಕದೆ ಅಲ್ಲೇ ನಿಲ್ಲಿಸಬೇಕು.

ಆಮೇಲೆ ಫೀಲರ್ ಗೇಜಿನಿಂದ ವಾಲ್ವುಗಳ ಅಂತರವನ್ನು ಕೈಪಿಡಿಯ ಅಳತೆಗೆ ಹೊಂದಿಸಿ, ಪ್ಲಗ್ಗುಗಳನ್ನು ತೆಗೆದು, ಬ್ಯಾಟರಿ ಜೋಡಿಸಿ, ಕಿಡಿಯ ತಂತಿ ಕಳಚಿಟ್ಟು, ಒತ್ತಡದ ಗೇಜು ಇಟ್ಟು ನೋಡುವುದು. ಆಕ್ಸಲರೇಟರ್ ಪೂರ್ತಿ ಒತ್ತಿರಬೇಕು. ಮೂರೂ ಸಿಲಿಂಡರಿನ ಒತ್ತಡ ಹೆಚ್ಚುಕಡಿಮೆ ಒಂದೇ ಇದ್ದರೆ ವಾಲ್ವುಗಳು ನೆಟ್ಟಗಿವೆ. ಒಂದರಲ್ಲಿ ಮುಳ್ಳು ಏಳದಿದ್ದರೆ ಆ ಸಿಲಿಂಡರಿನ ವಾಲ್ವು ಬಾಗಿರುವ ಸಂಶಯ. ಆಗ ಹೆಡ್ ಇಳಿಸುವುದೇ ಸರಿ, ಗ್ಯಾರೇಜಿನವರ ಮಾತೇ ನಿಜ. ನಮ್ಮ ಪುಣ್ಯಕ್ಕೆ ಮೂರೂ ಸಮವಾಗಿ ಬಂದವು. ಮರುದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಕಾರು ಸ್ಟಾರ್ಟಾಯಿತು. ಬೆಲ್ಟು, ಟೆನ್ಶನರು, ಒಂದು ಎಣ್ಣೆ ಸೀಲು ಸೇರಿ ತಗುಲಿದ್ದು ನಾಲ್ಕೈದು ಕಿಲೋ ಚಾಲಿಯ ಬೆಲೆ. ನಾಳಿದ್ದು ಎಂದಿದ್ದ ಡಯಾಲಿಸಿಸ್ ತಪ್ಪಲಿಲ್ಲ. ಆದರೂ ಆ ಒಂದು ಸಲಕ್ಕೆ ಅವರು ಬಾಡಿಗೆ ಕಾರಿನಲ್ಲೇ ತಾಯಿಯನ್ನು ಕರೆದೊಯ್ದರು. ನಾನೂ ಹಾಗೆಯೇ ಸಲಹೆ ಮಾಡಿದ್ದೆ. ಹೊಸದಾಗಿ ಜೋಡಿಸಿದ ಬೆಲ್ಟನ್ನು ರೋಗಿಯೊಡನೆ ಪರೀಕ್ಷಿಸುವ ಅಗತ್ಯವಿರಲಿಲ್ಲ. ಎರಡು ದಿನ ಊರಿನಲ್ಲೇ ಓಡಿಸಿ, ಕವರಿನ ಒಳಗಿಂದ ಸಿಳ್ಳೆಯಂಥ ಸದ್ದಾಗಲಿ (ಅತಿ ಬಿಗಿ), ಬಡಿತವಾಗಲಿ (ಸಡಿಲ) ಇಲ್ಲವೆಂದು ಖಚಿತವಾದ ಮೇಲೆ ಕಾರು ತನ್ನ ಕೆಲಸಕ್ಕೆ ಮರಳಿತು.

ಇನ್ನು ಬೇರೆ ಗಾಡಿಗಳ ಮಾತು. ಓಮ್ನಿಯಲ್ಲಿ ಎಂಜಿನು ಮುಂದಿನ ಸೀಟಿನಡಿ ಇದೆ. ಕ್ರಮ ಇದೇ, ಬೆನ್ನು ನೋವು ಹೆಚ್ಚು. 2023ರವರೆಗೆ ಬಂದ ಆಲ್ಟೊ 800ರಲ್ಲೂ ಬೆಲ್ಟು, ಆಲ್ಟೊ ಕೆ10ರಲ್ಲಿ ಸರಪಳಿ. ಹೆಸರು ಒಂದೇ ಎಂದು ಮೋಸ ಹೋಗಬಾರದು. ಹಳೆಯ ಸ್ಯಾಂಟ್ರೋಗೆ ಬೆಲ್ಟು. ಸ್ವಿಫ್ಟಿನ 1.3 ಲೀಟರ್ ಡೀಸೆಲ್ಲಿಗೆ ಸರಪಳಿ. ಟಾಟಾ ಇಂಡಿಕಾದ 1.4 ಡೀಸೆಲ್ಲಿಗೂ 2005ರಲ್ಲಿ ಬಂದ ಮೊದಲ ಇನ್ನೋವಾ ಡೀಸೆಲ್ಲಿಗೂ ಬೆಲ್ಟು. ಆ ಇನ್ನೋವಾದಲ್ಲಿ ಅವಧಿ ಮುಗಿದಾಗ ಡ್ಯಾಶ್‌ಬೋರ್ಡಿನಲ್ಲಿ ಟಿ-ಬೆಲ್ಟ್ ಎಂಬ ದೀಪ ಉರಿಯುತ್ತದೆ. ದೀಪ ಕಿಲೋಮೀಟರನ್ನು ಮಾತ್ರ ಎಣಿಸುತ್ತದೆ, ಬೆಲ್ಟಿನ ಸ್ಥಿತಿಯನ್ನು ನೋಡುವುದಿಲ್ಲ ಎಂಬುದು ಗಮನದಲ್ಲಿರಲಿ. ಬೆಲ್ಟಿರುವ ಡೀಸೆಲ್ ಗಾಡಿಯನ್ನು ಅಂಗಳದಲ್ಲಿ ಬಿಚ್ಚಲು ನನ್ನ ಒಪ್ಪಿಗೆಯಿಲ್ಲ. ಅದರಲ್ಲಿ ಒಂದು ಹಲ್ಲಿನ ತಪ್ಪಿಗೆ ಕೊಡುವ ದಂಡ ದೊಡ್ಡದು. ಅವಧಿಗೆ ಮುಂಚೆ ಗ್ಯಾರೇಜಿನಲ್ಲಿ ಎದುರು ನಿಂತು ಬದಲಿಸಿಕೊಳ್ಳುವುದೇ ಲೇಸು.

ಅವಧಿ ಎಂದರೆ ಕಿಲೋಮೀಟರು ಮಾತ್ರವಲ್ಲ, ವರ್ಷವೂ ಹೌದು. ನಮ್ಮ ಗಾಡಿಗಳಲ್ಲಿ ಅನೇಕವು ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರು ಓಡಿದರೆ ಹೆಚ್ಚು. ಮೀಟರು ನೋಡಿದರೆ ಬೆಲ್ಟಿಗೆ ಇನ್ನೂ ಪ್ರಾಯ. ಆದರೆ ರಬ್ಬರು ನಿಂತಲ್ಲೇ ಮುಪ್ಪಾಗುತ್ತದೆ. ಅದರ ಮೇಲೆ ಮಳೆಗಾಲದ ಕೆಸರು, ಒಡೆದ ಕವರಿನಿಂದ ನುಗ್ಗುವ ಕೆಂಪು ಧೂಳು, ಮತ್ತೆ ಇಲಿ. ಅಡಿಕೆ ಚೀಲಗಳ ಪಕ್ಕದಲ್ಲೇ ಕಾರು ನಿಲ್ಲಿಸುವವರ ಮನೆಯಲ್ಲಿ ಇಲಿಗೆ ಎಂಜಿನಿನ ಮೇಲ್ಭಾಗ ಬೆಚ್ಚಗಿನ ಜಗಲಿ. ವೈರು ಕಡಿದಷ್ಟೇ ಸಲೀಸಾಗಿ ಅದು ಬೆಲ್ಟಿನ ಅಂಚನ್ನೂ ಕಡಿಯುತ್ತದೆ. ಬೋರ್ಡೋ ಸಿಂಪರಣೆ ಮುಗಿದು ಸ್ಪ್ರೇಯರು ತೊಳೆದಿಡುವ ದಿನ, ಟೈಮಿಂಗ್ ಕವರಿನ ಮೇಲಿನ ಎರಡು ಬೋಲ್ಟು ಬಿಚ್ಚಿ ಟಾರ್ಚು ಹಾಕಿ ನೋಡಿದರೆ ಹತ್ತು ನಿಮಿಷದ ಕೆಲಸ. ಬಿರುಕು, ಹೊಳಪು, ಎಣ್ಣೆ, ಅಂಚಿನ ನೂಲು ಇವುಗಳಲ್ಲಿ ಯಾವುದು ಕಂಡರೂ ಕೊಯ್ಲಿಗೆ ಮುಂಚೆ ಬದಲಿಸಿ. ಗಾಡಿ ಕೊಂಡಾಗ ದಾಖಲೆ ಸಿಗದಿದ್ದರೆ ಬೆಲ್ಟು ಹಳೆಯದೆಂದೇ ಲೆಕ್ಕ ಹಾಕಬೇಕು. ಬದಲಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಬರೆದು ಕವರಿನ ಮೇಲೆಯೇ ಅಂಟಿಸಿದರೆ ಮುಂದಿನವರಿಗೂ ಉಪಕಾರ. ಸದಸ್ಯರು ತಮ್ಮ ಗಾಡಿಯ ವರ್ಷ, ಮಾದರಿ, ಈಗಿನ ಕಿಲೋಮೀಟರು ಬರೆದುಕೊಟ್ಟರೆ ಸಂಘದ ಕಚೇರಿಯಲ್ಲಿ ಒಂದು ಪುಸ್ತಕದಲ್ಲಿ ನಮೂದಿಸಿಡುವ ವ್ಯವಸ್ಥೆ ಮಾಡಿದ್ದೇವೆ. ಬೆಲ್ಟೋ ಚೈನೋ ಎಂಬುದನ್ನೂ ಎದುರಿಗೆ ಬರೆಯುತ್ತೇವೆ.

ಚಾರ್ಮಾಡಿ, ಶಿರಾಡಿ ಹತ್ತಿ ಇಳಿಯುವವರಿಗೆ ಒಂದು ಮಾತು ಉಳಿದಿದೆ. ಘಾಟಿಯ ಇಳಿಜಾರಿನಲ್ಲಿ ಎಂಜಿನು ನಿಂತರೆ ಬೂಸ್ಟರ್ ಇರುವ ಬ್ರೇಕಿಗೆ ಒಂದೆರಡು ಸಲ ಒತ್ತುವಷ್ಟು ಮಾತ್ರ ಸಹಾಯ ಉಳಿದಿರುತ್ತದೆ, ಪವರ್ ಸ್ಟೀರಿಂಗು ಕಲ್ಲಿನಂತಾಗುತ್ತದೆ. ಬ್ರೇಕನ್ನು ಬಿಟ್ಟು ಬಿಟ್ಟು ತುಳಿದು ಆ ಸಹಾಯವನ್ನು ಖರ್ಚು ಮಾಡಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು, ಗುಡ್ಡದ ಬದಿಗೆ ಸರಿಸಿ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಸ್ಟೀರಿಂಗ್ ಲಾಕ್ ಆಗುತ್ತದೆ, ಗಾಡಿ ನಿಲ್ಲುವವರೆಗೆ ಅದನ್ನು ಮುಟ್ಟಬೇಡಿ. ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಸೆಲ್ಫ್ ಹೊಡೆಯುವ ಆಸೆಯನ್ನು ತಡೆದುಕೊಂಡು, ಎಳೆಯುವ ಗಾಡಿಗೆ ಹೇಳಿಕಳುಹಿಸಿ.